ಮೂರಡಿ ಮೇಲೇರಿದ ನೆರೆ

ಕಂತು ಏಳು

“ಟೇಪಮ್ಮೋರೇ, ಗೋಡೆಗೆ ಕಿವಿ ಕೊಟ್ಟು ಏನ್ ಕೇಳಿಸ್ಕೊಳ್ತಿದ್ದೀರಿ?”

ಬಡಗಿ ಹೀಗೆ ಕೇಳಿದಾಗ ಟೇಪಮ್ಮ ಪಂಪ್‌ಹೌಸಿನ ಗೋಡೆಯ ಬುಡದಲ್ಲಿ ಮಂಡಿಯೂರಿ, ಕೆನ್ನೆಯನ್ನು ಇಟ್ಟಿಗೆಗೆ ಒತ್ತಿ, ಒಂದು ಕಣ್ಣು ಮುಚ್ಚಿಕೊಂಡು ಗೋಡೆಯುದ್ದಕ್ಕೂ ನೋಡುತ್ತಿದ್ದಳು. ಬೆಳಗಿನ ಓರೆ ಬಿಸಿಲು. ನೇರ ನಿಂತು ನೋಡಿದರೆ ಕಾಣದ್ದು ಈಗ ಕಾಣುತ್ತಿತ್ತು. ಮಂಡಿಯ ಎತ್ತರದಲ್ಲಿ ಕಡಲೆಕಾಳಿನಷ್ಟು ದೊಡ್ಡ ನಾಲ್ಕು ಉಬ್ಬು.

ತುರುಬಿನ ಪಿನ್ನು ಕಿತ್ತು ಮೊದಲನೆಯ ಉಬ್ಬನ್ನು ಕೆರೆದಳು. ಮೇಲೆ ಬಳಿದ ಕೆಮ್ಮಣ್ಣು ಉದುರಿತು. ಅದರಡಿಯ ಬಿಳಿ ಪುಟ್ಟಿ ಹಿಟ್ಟಿನ ಹಾಗೆ ಜಾರಿತು. ಪಿನ್ನು ಒಂದು ಅಂಗುಲ ಒಳಗೆ ಹೋಯಿತು.

“ಬನ್ನಿ ಇಲ್ಲಿ. ಇದೇನು ಹೇಳಿ ನೋಡೋಣ?”

ಬಡಗಿ ಬಗ್ಗಿದ. ಇಪ್ಪತ್ತೆಂಟರ ಗಟ್ಟಿ ಆಳು, ಹುಬ್ಬಿನಲ್ಲೂ ಮರದ ಹೊಟ್ಟು. “ಸ್ಕ್ರೂ ತೂತು. ಇಲ್ಲೊಂದು... ಇಲ್ಲೊಂದು...” ಅವನ ಬೆರಳು ನಾಲ್ಕೂ ಮೂಲೆ ಸುತ್ತಿ ಬಂತು. ಆಮೇಲೆ ಮೆಲ್ಲಗೆ ತಲೆಯೆತ್ತಿ, ತನ್ನ ಎದೆಯ ಮಟ್ಟಕ್ಕಿದ್ದ ಹಿತ್ತಾಳೆ ಪಟ್ಟಿಯನ್ನು ನೋಡಿದ. “ಅಯ್ಯೋ! ಇದು ಅದರದೇ ಅಳತೆ!”

ಪಟ್ಟಿಯ ಮೇಲೆ ಒಂದು ಅಡ್ಡಗೆರೆ, ಅದರ ಕೆಳಗೆ ಒಂದೇ ವಾಕ್ಯ: ‘ಮಹಾನೆರೆಯ ನೀರು ಇಲ್ಲಿಯವರೆಗೆ ಬಂದಿತ್ತು.’

ಅದೊಂದು ವಾಕ್ಯವೇ ಬಡಗಿಯ ಕೊರಳಿಗೆ ಉರುಳಾಗಿತ್ತು. ನದಿದಂಡೆಯ ಪಟ್ಟೆಯಲ್ಲಿ ಹೊಸದಾಗಿ ಒಂದು ಇಟ್ಟಿಗೆ ಇಡಬೇಕಾದರೂ ವಿನಾಯಿತಿ ಸಮಿತಿಯ ಒಪ್ಪಿಗೆ ಬೇಕು. ಕೋಣೆಯ ನೆಲ ನೆರೆಮಟ್ಟಕ್ಕಿಂತ ಮೇಲಿದ್ದರೆ ಮಾತ್ರ ಒಪ್ಪಿಗೆ. ಬಡಗಿ ಕಟ್ಟಬೇಕೆಂದಿದ್ದ ಕೋಣೆ ಎರಡೂ ಮುಕ್ಕಾಲು ಅಡಿ ತಗ್ಗಿನಲ್ಲಿದೆ ಎಂದು ಅರ್ಜಿ ಹಿಂದಕ್ಕೆ ಬಂದಿತ್ತು. ಕೊನೆಯ ವಿಚಾರಣೆ ನಾಳೆ, ಶುಕ್ರವಾರ, ಬೆಳಿಗ್ಗೆ ಹನ್ನೊಂದಕ್ಕೆ.

ಕೋಣೆ ಬೇಕಾಗಿದ್ದದ್ದು ಅವನಿಗಲ್ಲ, ಅವನ ಅಕ್ಕನಿಗೆ. ಇಪ್ಪತ್ತು ವರ್ಷ ಊರಿನ ಬಸ್ ಓಡಿಸಿದವಳು. ತಂದೆತಾಯಿ ಹೋದ ಮೇಲೆ ತಮ್ಮನನ್ನು ಬಸ್ಸಿನ ಮುಂದಿನ ಸೀಟಿನಲ್ಲಿ ಕೂರಿಸಿಕೊಂಡೇ ಬೆಳೆಸಿದವಳು. ನಾಲ್ಕು ತಿಂಗಳ ಹಿಂದೆ ಬಸ್ಸು ಜಾರಿ, ಅವಳ ಸೊಂಟದಿಂದ ಕೆಳಗಿನ ಬಲ ಹೋಯಿತು. ಆರೈಕೆ ಕೇಂದ್ರದವರು ಈ ತಿಂಗಳ ಕೊನೆಗೆ ಮನೆಗೆ ಕಳಿಸುತ್ತೇವೆ ಎಂದಿದ್ದರು. ಮನೆಯೋ, ಒಂಬತ್ತು ಮೆಟ್ಟಿಲು ಹತ್ತಿದ ಮೇಲೆ. ಕೆಳಗಡೆ ಇರುವುದು ಬಡಗಿಯ ಕಾರ್ಖಾನೆ, ಅಲ್ಲಿನ ದೂಳಿಗೆ ಗಟ್ಟಿಮುಟ್ಟಾದವರೂ ಕೆಮ್ಮುತ್ತಾರೆ. ಕೋಣೆ ಆಗದಿದ್ದರೆ ಅಕ್ಕ ಸೇರಬೇಕಾದದ್ದು ಆರು ತಾಸಿನ ದಾರಿಯಾಚೆಯ ಒಂದು ಆಶ್ರಯಮನೆಗೆ.

“ಕೋಣೇನ ಇನ್ನೂ ಮೂರಡಿ ಎತ್ತಿ ಕಟ್ಟಿ ಅಂದ್ರು, ಸಮಿತಿ ಕಾರ್ಯದರ್ಶಿ,” ಎಂದು ಬಡಗಿ ಮೊದಲ ದಿನವೇ ಹೇಳಿದ್ದ. “ಈಗ ಗಾಲಿಕುರ್ಚಿಗೆ ಹನ್ನೆರಡಡಿ ಇಳಿಜಾರು ಸಾಕು. ಎತ್ತಿದ್ರೆ ನಲವತ್ತೈದಡಿ ಬೇಕು. ಅಂಗಳ ಇರೋದೇ ಇಪ್ಪತ್ತಡಿ. ಉಳಿದ ಇಳಿಜಾರನ್ನ ನದಿಯೊಳಗೆ ಬಿಡ್ಲಾ?”

ಟೇಪಮ್ಮ ಮೂವತ್ತೊಂದು ವರ್ಷ ಭೂಮಾಪನ ಕಚೇರಿಯಲ್ಲಿ ಸರ್ವೇಯರ್ ಆಗಿದ್ದವಳು. ನಿವೃತ್ತಿಯಾದ ಮೇಲೆ ಜನ ಮೊದಮೊದಲು ಗಡಿ ಜಗಳಕ್ಕೆ ಕರೆಯುತ್ತಿದ್ದರು, ಆಮೇಲೆ ಕಳೆದ ಪತ್ರಕ್ಕೆ, ಆಮೇಲೆ ಕಳೆದ ಗಂಡನಿಗೆ. ಹೆಗಲ ಚೀಲದಲ್ಲಿ ಅಳತೆ ಟೇಪು ಇಲ್ಲದೆ ಅವಳು ಮದುವೆ ಮನೆಗೂ ಹೋದದ್ದಿಲ್ಲ. ಊರು ಇಟ್ಟ ಹೆಸರು ಹಾಗೆ ನಿಂತಿತು.

ಈಗ ಅವಳು ಟೇಪು ಎಳೆದು, ಮೇಲಿನ ಪಟ್ಟಿಯ ಸ್ಕ್ರೂವಿನಿಂದ ಅಡ್ಡಗೆರೆಗೆ ಎಷ್ಟು ದೂರ ಎಂದು ನೋಡಿಕೊಂಡಳು. ಅಷ್ಟೇ ದೂರವನ್ನು ಹಳೆಯ ತೂತಿನಿಂದ ಕೆಳಗೆ ಅಳೆದು ಸೀಮೆಸುಣ್ಣದ ಗೆರೆ ಎಳೆದಳು.

“ಮಟ್ಟ ನೋಡೋ ನಿಮ್ಮ ನೀರಿನ ಕೊಳವೆ ತನ್ನಿ,” ಎಂದಳು. “ನೆರೆ ನಿಜವಾಗ್ಲೂ ಎಲ್ಲೀವರೆಗೆ ಬಂದಿತ್ತು ಅಂತ ನೀರನ್ನೇ ಕೇಳೋಣ.”

* * *

ಬಡಗಿಯ ಹೆಂಡತಿ ಕೆಂಪು ಬಕೆಟ್ಟು ಹಿಡಿದು ಇಳಿದು ಬಂದಳು. ಹೊಲಿಗೆಯ ಕೆಲಸದವಳು, ಮಾತು ಕಡಿಮೆ. ಕೊರಳಲ್ಲಿ ಅಳತೆಪಟ್ಟಿ ಹಾಗೇ ನೇತಾಡುತ್ತಿತ್ತು. ಪಾರದರ್ಶಕ ಕೊಳವೆಗೆ ಲೋಟದಿಂದ ನೀರು ಹೊಯ್ಯುತ್ತ, ಒಳಗೆ ಸಿಕ್ಕಿಕೊಂಡ ಗಾಳಿಗುಳ್ಳೆಗಳನ್ನು ಬೆರಳಿಂದ ತಟ್ಟಿ ಓಡಿಸಿದಳು.

ಪಕ್ಕದ ಮನೆಯ ಬಾಲ್ಕನಿಯಿಂದ ಕೆಮ್ಮು ಕೇಳಿಸಿತು. ಕೋಣೆಯ ಅರ್ಜಿಗೆ ಆಕ್ಷೇಪಣೆಯ ಪತ್ರ ಬರೆದಿದ್ದ ನಿವೃತ್ತ ಹೆಡ್‌ಮಾಸ್ತರು.

“ಏನ್ರಯ್ಯಾ, ನದಿಗೇ ನೀರು ಕುಡಿಸ್ತಿದ್ದೀರಾ?”

“ಹೌದು ಸಾರ್, ಪಾಪ, ಬಾಯಾರಿದೆಯಂತೆ!” ಎಂದಳು ಟೇಪಮ್ಮ.

ಬಡಗಿ ಹಲ್ಲು ಕಡಿದ. “ಪಟ್ಟಿ ಏರಿಸಿದ್ದು ಇವ್ರೇ. ನನಗೆ ನೂರಕ್ಕೆ ನೂರು ಗ್ಯಾರಂಟಿ.”

“ಅವರ ಪತ್ರ ನೀವು ಓದಿದ್ದೀರಾ?”

“ಆಕ್ಷೇಪಣೆ ಅಂದ್ಮೇಲೆ ಓದೋದೇನಿದೆ?”

“ಎರಡೇ ಸಾಲು. ‘ಕೋಣೆ ಕಟ್ಟಲಿ. ಮಳೆನೀರಿನ ಚರಂಡಿ ಮಾತ್ರ ಮುಚ್ಚದಿರಲಿ.’ ಇಷ್ಟು ಬರೆಯೋ ಮನುಷ್ಯ ರಾತ್ರೋರಾತ್ರಿ ಗೋಡೆ ಕೊರೆಯಲ್ಲ. ಕೊರೆದ್ರೂ ಕಾಗುಣಿತ ತಪ್ಪಿದೆಯಾ ಅಂತ ಪಟ್ಟಿ ತಿದ್ದಿ ಹೋಗ್ತಿದ್ರು.”

ಬಡಗಿಗೆ ನಗು ತಡೆಯಲಾಗಲಿಲ್ಲ.

ಅವನು ಕೊಳವೆಯ ಒಂದು ತುದಿ ಹಿಡಿದು ಅಂಗಳಕ್ಕೆ ಹೋದ. ಅಲ್ಲಿ ಬರಲಿರುವ ಕೋಣೆಯ ಆಕಾರವನ್ನು ಸುಣ್ಣದಲ್ಲಿ ಬರೆದಿದ್ದ. ಇಲ್ಲಿ ಮಂಚ, ಇಲ್ಲಿ ಗಾಲಿಕುರ್ಚಿ ತಿರುಗುವ ಸುತ್ತು, ಇಲ್ಲಿ ಮೂರಡಿ ಅಗಲದ ಬಾಗಿಲು, ಇಲ್ಲಿ ಕೂತಲ್ಲಿಂದಲೇ ನದಿ ಕಾಣುವ ಗಿಡ್ಡ ಕಿಟಕಿ. ಮೂಲೆಯಲ್ಲಿ ನೆಟ್ಟ ಗೂಟಕ್ಕೆ ನೆಲದ ಮಟ್ಟವನ್ನು ಕೆಂಪು ಬಣ್ಣದಿಂದ ಗುರುತು ಹಾಕಿದ್ದ.

“ಗೂಟಕ್ಕೆ ಒತ್ತಿ ಹಿಡೀರಿ! ಅಲ್ಲಾಡ್ಬೇಡಿ!” ಟೇಪಮ್ಮ ಗೋಡೆಯ ಬಳಿಯಿಂದ ಕೂಗಿದಳು. ಕೊಳವೆಯ ತನ್ನ ತುದಿಯನ್ನು ಮೆಲ್ಲಗೆ ಏರಿಸಿ ಇಳಿಸಿದಳು. ನೀರು ಸೀಮೆಸುಣ್ಣದ ಗೆರೆಯ ಮೇಲೆ ಹೋಯಿತು, ಕೆಳಗೆ ಬಂತು, ಮತ್ತೆ ಸ್ವಲ್ಪ ಮೇಲೇರಿ ಗೆರೆಗೆ ಸರಿಯಾಗಿ ನಿಂತಿತು. “ನಿಮ್ಮ ಕಡೆ ಎಲ್ಲಿ ನಿಂತಿದೆ?”

ಬಡಗಿ ಕೊಳವೆಗೆ ಮೂಗು ತಾಗುವಷ್ಟು ಬಗ್ಗಿದ.

“ಏನ್ರೀ? ಎಲ್ಲಿ ನಿಂತಿದೆ?”

“ಕೆಂಪು ಗೆರೆಯಿಂದ...” ಬಡಗಿ ಬೆರಳಿಟ್ಟು ಮತ್ತೊಮ್ಮೆ ಅಳೆದ. “ನಾಲ್ಕು ಬೆರಳು ಕೆಳಗೆ ಟೇಪಮ್ಮೋರೇ. ಕೆಳಗೆ! ನೆರೆ ಬಂದ್ರೂ ಅಕ್ಕನ ಮಂಚದ ಕಾಲು ನೆನೆಯಲ್ಲ!”

ಹೆಂಡತಿ ಬಕೆಟ್ಟು ಕೆಳಗಿಟ್ಟು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಬಾಲ್ಕನಿಯ ಹೆಡ್‌ಮಾಸ್ತರು ಕೂಡ, ಯಾಕೆಂದು ತಿಳಿಯದೆಯೇ, ಒಮ್ಮೆ ಚಪ್ಪಾಳೆ ತಟ್ಟಿದರು.

ಟೇಪಮ್ಮ ಮಾತ್ರ ನಗಲಿಲ್ಲ. ಮೂವತ್ತೊಂದು ವರ್ಷ ಸರ್ಕಾರಿ ಕಚೇರಿಯಲ್ಲಿ ಕೂತವಳಿಗೆ ಸಮಿತಿಯವರ ಬಾಯಿಂದ ನಾಳೆ ಏನು ಬರುತ್ತದೆಂದು ಇವತ್ತೇ ಗೊತ್ತಿತ್ತು. ‘ತೂತು ಯಾರು ಬೇಕಾದರೂ ಕೊರೆಯಬಹುದು. ಅರ್ಜಿದಾರರೇ ಬಡಗಿ. ಡ್ರಿಲ್ಲು ಅವರ ಮನೆಯಲ್ಲೇ ಇದೆ.’

ಗೋಡೆಯ ಸಾಕ್ಷಿ ಸಾಲದು, ಬಾಯಿ ಇರುವ ಸಾಕ್ಷಿ ಬೇಕು. ಪಂಪ್‌ಹೌಸಿನ ಕಬ್ಬಿಣದ ಬಾಗಿಲು ಆಗಲೇ ಅರ್ಧ ತೆರೆದು, ಮತ್ತೆ ಮುಚ್ಚಿಕೊಂಡಿದ್ದನ್ನು ಅವಳು ನೋಡಿದ್ದಳು.

* * *

ಒಳಗೆ ಎರಡು ಮೋಟಾರುಗಳ ಗುಂಯ್‌ಗುಡುವಿಕೆ, ಬಿಸಿ ಎಣ್ಣೆಯ ವಾಸನೆ. ಪಂಪ್ ಆಪರೇಟರ್ ಬೆನ್ನು ತಿರುಗಿಸಿಕೊಂಡು, ಒರೆಸಿದ್ದನ್ನೇ ಒರೆಸುತ್ತಿದ್ದ. ಇಸ್ತ್ರಿ ಮಾಡಿದ ಖಾಕಿ ಅಂಗಿ, ಜೇಬಿನಲ್ಲಿ ಎರಡು ಪೆನ್ನು, ಐವತ್ತೊಂಬತ್ತು ದಾಟಿದ ಮನುಷ್ಯ. ನೆಲ ಎಷ್ಟು ಚೊಕ್ಕಟವಾಗಿತ್ತೆಂದರೆ ಟೇಪಮ್ಮ ತಾನಾಗಿಯೇ ಚಪ್ಪಲಿ ಹೊರಗೆ ಬಿಟ್ಟಳು.

“ಒಳಗೆ ಬರೋ ಹಾಗಿಲ್ಲ ಮೇಡಂ. ಕರೆಂಟಿನ ಜಾಗ.”

“ಎರಡೇ ನಿಮಿಷ. ಹೊರಗಿನ ಹಿತ್ತಾಳೆ ಪಟ್ಟಿ ಯಾವಾಗ ಮೇಲೆ ಹೋಯ್ತು?”

“ಪಟ್ಟಿಗೇನು ಕಾಲು ಬಂದಿದ್ಯಾ ಮೇಡಂ? ನಾನು ಕೆಲಸಕ್ಕೆ ಸೇರಿದಾಗಿಂದ ಅಲ್ಲೇ ಇದೆ.”

“ಎಷ್ಟು ವರ್ಷ ಆಯ್ತು ಸೇರಿ?”

“ಇಪ್ಪತ್ತೆರಡು.”

“ಪಟ್ಟಿ ಉಜ್ಜೋರು ನೀವೇನಾ?”

“ಪ್ರತಿ ಸೋಮವಾರ.” ಅವನ ದನಿಯಲ್ಲಿ ತಡೆಯಲಾರದ ಹೆಮ್ಮೆ ಇಣುಕಿತು. “ಅದರಲ್ಲಿ ಮುಖ ನೋಡ್ಕೊಂಡು ಕ್ಷೌರ ಮಾಡ್ಕೋಬಹುದಿತ್ತು.”

“ಮಾಡ್ಕೋಬಹುದಿತ್ತು,” ಟೇಪಮ್ಮ ಅವನ ಮಾತನ್ನೇ ಮೆಲ್ಲಗೆ ಹೇಳಿದಳು. “ಈಗ ಅದು ಹಳೇ ಬೀಗದ ಹಾಗೆ ಕಪ್ಪಾಗಿದೆ. ಯಾಕೆ ಬಿಟ್ರಿ ಉಜ್ಜೋದು?”

ಅವನು ಮತ್ತೆ ಒರೆಸತೊಡಗಿದ. ಟೇಪಮ್ಮ ಬಾಗಿಲ ಮೂಲೆಗೆ ಹೋಗಿ ಬಗ್ಗಿ, ಗೇಣುದ್ದ ಎತ್ತರದ ಒಂದು ಮಣೆಯನ್ನು ಎತ್ತಿಕೊಂಡಳು. ಅದರ ಮೇಲೆ ಪಾಲಿಶ್ ಡಬ್ಬಿ ಇಟ್ಟ ಗುಂಡನೆಯ ಗುರುತು, ಸುತ್ತಲೂ ಹಸಿರುಬಿಳಿ ಕಲೆ.

“ಇದರ ಮೇಲೆ ಕೂತ್ಕೊಂಡೇ ತಾನೆ ಉಜ್ಜುತ್ತಿದ್ದದ್ದು?”

“ಹೂಂ... ಮಂಡಿ ನೋವು ಮೇಡಂ.”

“ಎದೆ ಮಟ್ಟದ ಪಟ್ಟಿ ಉಜ್ಜೋಕೆ ನಿಂತ್ಕೋಬೇಕು. ಗೇಣುದ್ದದ ಮಣೆ ಮೇಲೆ ಕೂತ್ರೆ ನಿಮ್ಮ ಕೈ ಅಲ್ಲಿಗೆ ಹೇಗೆ ಎಟುಕುತ್ತೆ? ಗೋಡೆ ಬುಡದಲ್ಲೂ ಇದೇ ಹಸಿರು ಕಲೆ ಇದೆ, ಹಳೇ ತೂತಿನ ಸುತ್ತ. ಮೇಲಿನ ಪಟ್ಟಿ ಸುತ್ತ ಒಂದು ಚುಕ್ಕೆಯೂ ಇಲ್ಲ.”

ಮೋಟಾರು ಗುಂಯ್‌ಗುಡುತ್ತಲೇ ಇತ್ತು. ಆಪರೇಟರ್ ಒರೆಸುವ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿದ, ಬಿಚ್ಚಿದ, ಮತ್ತೆ ಮಡಿಸಿದ.

“ನಾನಲ್ಲ ಮೇಡಂ. ನನ್ನ ಮಗಳ ಮೇಲಾಣೆ, ನಾನಲ್ಲ.”

“ನೀವು ಅಂತ ನಾನು ಹೇಳ್ಲೇ ಇಲ್ವಲ್ಲ.”

ಟೇಪಮ್ಮ ಮಣೆಯನ್ನು ಅವನ ಮುಂದಿಟ್ಟಳು. ಆ ಒಂದು ಮಾತಿಗೆ ಅವನು ಕುಸಿದು ಅದರ ಮೇಲೆ ಕೂತ.

“ಎರಡು ತಿಂಗಳ ಹಿಂದೆ ಮಗಳ ಹೆರಿಗೆಗೆ ಅಂತ ಹನ್ನೆರಡು ದಿನ ರಜ ಹಾಕಿದ್ದೆ. ಇಪ್ಪತ್ತೆರಡು ವರ್ಷದಲ್ಲಿ ಅದೇ ದೊಡ್ಡ ರಜ. ಮೊಮ್ಮಗಳ ಮುಖ ನೋಡಿ ಕುಣಿಕುಣೀತಾ ವಾಪಸ್ ಬಂದೆ. ಸೋಮವಾರ ಡಬ್ಬಿ ತಗೊಂಡು ಹೋಗಿ ಮಣೆ ಹಾಕಿ ಕೂತೆ. ಎದುರಿಗೆ ಬರೀ ಗೋಡೆ! ತಲೆ ಎತ್ತಿದ್ರೆ, ಪಟ್ಟಿ ಅಲ್ಲಿ ಮೇಲೆ ಕೂತು ನನ್ನ ನೋಡಿ ನಗ್ತಾ ಇದೆ.”

“ಯಾರಿಗೂ ಹೇಳ್ಲಿಲ್ಲ?”

“ಗೋಡೆ ನನ್ನ ಜವಾಬ್ದಾರಿ ಮೇಡಂ. ‘ನಿನ್ನ ಕಾವಲಲ್ಲಿ ಇದ್ದದ್ದು ಹೇಗೆ ಹೋಯ್ತು’ ಅಂದ್ರೆ? ಇನ್ನು ಆರು ತಿಂಗಳಿಗೆ ನಿವೃತ್ತಿ. ಇವತ್ತು ಹೇಳೋಣ, ನಾಳೆ ಹೇಳೋಣ ಅಂತಿದ್ದೆ. ಅಷ್ಟರಲ್ಲಿ ಸಮಿತಿ ಇಂಜಿನಿಯರ್ ಬಂದು ಆ ಪಟ್ಟಿ ನೋಡೇ ಅಳತೆ ಬರ್ಕೊಂಡು ಹೋದ್ರು. ಆಮೇಲೆ ಬಾಯಿಗೆ ಬೀಗ ಬಿತ್ತು. ಆ ಜಾಗದಲ್ಲಿ ಅದನ್ನ ಉಜ್ಜೋಕೆ ಕೈ ಬರ್ಲಿಲ್ಲ ನನಗೆ. ಸುಳ್ಳಿಗೆ ಪಾಲಿಶ್ ಹಾಕಿದ ಹಾಗಾಗುತ್ತಲ್ಲ.”

ಟೇಪಮ್ಮ ಅವನ ಎದುರಿಗೆ ನೆಲದ ಮೇಲೆಯೇ ಕೂತಳು. ಎಷ್ಟೋ ಕಚೇರಿಗಳಲ್ಲಿ ಎಷ್ಟೋ ಕಳ್ಳರನ್ನು ನೋಡಿದ್ದಳು. ಇದು ಕಳ್ಳನ ಮುಖವಲ್ಲ, ನಿದ್ದೆಗೆಟ್ಟ ಮುಖ.

“ನೋಡಿ, ತಪ್ಪು ಮಾಡಿದೋರು ಬೇರೆ, ಹೆದರಿದೋರು ಬೇರೆ. ಆ ಅಂಗಳದಲ್ಲಿ ಸುಣ್ಣದಲ್ಲಿ ಬರೆದ ಕೋಣೆ ಇದೆ, ನೋಡಿದ್ದೀರಲ್ಲ?”

“ದಿನಾ ನೋಡ್ತೀನಿ. ಮಳೆ ಬಂದು ಅಳಿಸಿದ್ರೆ ಅವರು ಮತ್ತೆ ಬರೀತಾರೆ. ಮೂರು ಸಲ ಬರೆದ್ರು.” ಅವನು ಮೂಗೊರೆಸಿಕೊಂಡ. “ಇಪ್ಪತ್ತು ವರ್ಷ ನಾನು ಆ ಯಮ್ಮನ ಬಸ್ಸಲ್ಲೇ ಡ್ಯೂಟಿಗೆ ಬಂದಿದ್ದೀನಿ. ಓಡ್ಕೊಂಡು ಬರ್ತಿದ್ರೆ ಕನ್ನಡಿಯಲ್ಲಿ ನೋಡಿ ನಿಲ್ಲಿಸೋರು. ಒಂದು ದಿನಾನೂ ನನ್ನ ಬಿಟ್ಟು ಹೋದೋರಲ್ಲ.”

“ಹಾಗಾದ್ರೆ ನಾಳೆ ನೀವೂ ಅವರನ್ನ ಬಿಟ್ಟು ಹೋಗ್ಬೇಡಿ.”

ಅವನು ಒರೆಸುವ ಬಟ್ಟೆಯನ್ನು ಪಕ್ಕಕ್ಕಿಟ್ಟ. ಆಮೇಲೆ ಎದ್ದು, ಅಂಗಿಯ ಮಡಿಕೆ ಸರಿ ಮಾಡಿಕೊಂಡ. “ಹನ್ನೊಂದಕ್ಕೆ ತಾನೆ? ಬರ್ತೀನಿ. ಇದ್ದದ್ದು ಇದ್ದ ಹಾಗೆ ಹೇಳ್ತೀನಿ. ಆದದ್ದಾಗ್ಲಿ.”

ಟೇಪಮ್ಮನ ಎದೆ ಹಗುರಾಯಿತು. “ಇನ್ನೊಂದೇ ಒಂದು. ಮಹಾನೆರೆಯ ದಿನ ನೀರಿನ ಮಟ್ಟ ಎಷ್ಟಿತ್ತು ಅಂತ ಆಗಿನ ಆಪರೇಟರ್ ಎಲ್ಲಾದರೂ ಬರೆದಿಟ್ಟಿರ್ಬೇಕಲ್ಲ?”

“ಬರೆದಿದ್ದಾರೆ. ತಾಸು ತಾಸಿಗೂ ಬರೆದಿದ್ದಾರೆ. ನೀಲಿ ರಟ್ಟಿನ ದಿನಚರಿ ಪುಸ್ತಕ. ನೆರೆ ಇಳಿದ ಮೇಲೆ ಪಟ್ಟಿ ಎಲ್ಲಿ ಹೊಡೆದ್ರು ಅನ್ನೋದೂ ಇದೆ. ನೆಲದಿಂದ ಇಷ್ಟು ಅಡಿ, ಇಷ್ಟು ಅಂಗುಲ ಅಂತ. ಕೆಳಗೆ ಮೂರು ಜನರ ಸಹಿ.”

“ಕೊಡಿ, ಕೊಡಿ!” ಟೇಪಮ್ಮ ಅರವತ್ತೊಂದರ ವಯಸ್ಸು ಮರೆತು ನೆಗೆದು ನಿಂತಳು.

ಅವನು ಅಲ್ಮೇರಾದ ಕಡೆ ಹೋಗಲಿಲ್ಲ. ನಿಂತಲ್ಲೇ ನಿಂತು ಕಿವಿ ಕೆರೆದುಕೊಂಡ.

“ಅದು ಇಲ್ಲಿಲ್ಲ ಮೇಡಂ.”

“ಕಳುವಾಯ್ತಾ?”

“ಇಲ್ಲ. ಕೊಟ್ಟೆ. ಮೊನ್ನೆ ಮಂಗಳವಾರ.”

“ಯಾರಿಗೆ?”

“ಯಾರಿಗೂ ಹೇಳ್ಬೇಡಿ ಅಂದಿದ್ರು. ಆದ್ರೆ ನೀವು... ಡ್ರೈವರಮ್ಮನಿಗೆ. ಆ ಬಡಗಿಯ ಅಕ್ಕನಿಗೇ.”

ಟೇಪಮ್ಮ ಒಂದು ಕ್ಷಣ ತಾನು ತಪ್ಪು ಕೇಳಿಸಿಕೊಂಡೆ ಎಂದುಕೊಂಡಳು. “ಅವರು ಹಾಸಿಗೆ ಬಿಟ್ಟು ಎದ್ದಿಲ್ಲವಲ್ಲ. ಯಾರಾದ್ರೂ ಚೀಟಿ ತಂದ್ರಾ?”

“ಚೀಟಿ ಏನು, ಅವರೇ ಬಂದ್ರು! ಗಾಲಿಕುರ್ಚಿಯಲ್ಲಿ, ಒಬ್ರೇ. ಈ ಬಾಗಿಲವರೆಗೂ ತಾವೇ ತಳ್ಕೊಂಡು ಬಂದ್ರು. ಅಂಗೈ ಎರಡೂ ಕೆಂಪಗೆ ಬೊಬ್ಬೆ ಎದ್ದಿತ್ತು, ಮುಖ ಮಾತ್ರ ದೀಪ ಹಚ್ಚಿದ ಹಾಗಿತ್ತು. ನಾನು ಹೌಹಾರಿ ನಿಂತಿದ್ರೆ, ‘ಏನ್ ನೋಡ್ತೀರಿ, ಹಾರ್ನ್ ಒಂದಿಲ್ಲ ಅಷ್ಟೇ’ ಅಂದ್ರು.” ಹೇಳುತ್ತ ಹೇಳುತ್ತ ಅವನು ತಾನೂ ನಕ್ಕ. “ಸಭೆಯ ದಿನ ಪುಸ್ತಕ ತಾನೇ ತರ್ತೀನಿ, ಅಲ್ಲೀವರೆಗೂ ತಮ್ಮನ ಕಿವಿಗೆ ಬೀಳೋದು ಬೇಡ ಅಂದ್ರು.”

“ಯಾಕಂತೆ?”

ನಗು ನಿಂತಿತು.

“‘ಪಟ್ಟಿ ಏರಿಸಿದ್ದು ನಮ್ಮನೇಲಿ ಉಂಡ ಕೈಯೇ’ ಅಂದ್ರು ಮೇಡಂ. ‘ಬಯ್ಯೋಕಲ್ಲ, ಮೊದ್ಲು ಯಾಕೆ ಅಂತ ಕೇಳ್ಬೇಕು’ ಅಂದ್ರು.”

* * *

ಹೊರಗೆ ಬಿಸಿಲು ನೆತ್ತಿಗೆ ಬಂದಿತ್ತು. ಬಡಗಿ ಸುಣ್ಣದ ಕೋಣೆಯ ನಡುವೆ ನಿಂತು, ಇಲ್ಲದ ಕಿಟಕಿಯನ್ನು ತೆರೆದು ಮುಚ್ಚಿ ನೋಡುತ್ತಿದ್ದ.

“ಏನಾಯ್ತು ಟೇಪಮ್ಮೋರೇ? ನಾಳೆ ಗೆದ್ದ ಹಾಗೇ ಅಲ್ವಾ?”

“ಆಪರೇಟರ್ ಸಾಕ್ಷಿ ಹೇಳೋಕೆ ಬರ್ತಾರೆ.”

ಬಡಗಿ ಎರಡೂ ಕೈಯನ್ನು ಆಕಾಶಕ್ಕೆ ಎತ್ತಿದ. ಆ ಸಂತೋಷ ಕಂಡು ಟೇಪಮ್ಮನಿಗೆ ಮುಂದಿನ ಪ್ರಶ್ನೆ ಕೇಳಲು ನಾಲಿಗೆ ಏಳಲಿಲ್ಲ. ಆದರೂ ಕೇಳಿದಳು.

“ನಿಮ್ಮಕ್ಕ ಹೇಗಿದ್ದಾರೆ? ನೀವು ಕಡೇ ಸಲ ನೋಡಿದ್ದು ಯಾವಾಗ?”

“ಹದಿನೈದು ದಿನ ಆಯ್ತು.” ಅವನು ತಲೆ ತಗ್ಗಿಸಿದ. “ಸಂಜೆ ಒಬ್ರನ್ನೇ ಬಿಡ್ತಾರೆ. ನಾನು ಆ ಹೊತ್ತಲ್ಲಿ ಯಾವುದಾದ್ರೂ ಕಚೇರಿ ಬಾಗಿಲಲ್ಲಿ ನಿಂತಿರ್ತೀನಿ. ಇವಳೇ ದಿನಾ ಹೋಗಿ ಬರ್ತಾಳೆ. ಅಕ್ಕನಿಗೆ ಇನ್ನೂ ಕತ್ತೆತ್ತೋಕೂ ಆಗ್ತಿಲ್ವಂತೆ. ಅದಕ್ಕೇ ಈ ಕೋಣೆ ಬೇಗ ಆಗ್ಬೇಕು.”

ಟೇಪಮ್ಮ ತಿರುಗಿ ನೋಡಿದಳು. ಬಡಗಿಯ ಹೆಂಡತಿ ಮೆಟ್ಟಿಲ ಬಳಿಯ ನಲ್ಲಿಯಲ್ಲಿ ಬಕೆಟ್ಟು ತೊಳೆಯುತ್ತಿದ್ದಳು. ಟೇಪಮ್ಮ ಕೈಕಾಲು ತೊಳೆಯುವ ನೆಪದಲ್ಲಿ ಅವಳ ಪಕ್ಕಕ್ಕೆ ಹೋಗಿ ಬಗ್ಗಿದಳು. ನಲ್ಲಿಯ ಸದ್ದಿಗಿಂತ ತಗ್ಗಿದ ದನಿಯಲ್ಲಿ ಹೇಳಿದಳು:

“ಕತ್ತೆತ್ತೋಕಾಗದ ನಿಮ್ಮತ್ತಿಗೆ ಮಂಗಳವಾರ ಇಲ್ಲಿಗೆ ಬಂದಿದ್ರಂತೆ.”

ಅವಳು ಬೆಚ್ಚಲಿಲ್ಲ. ನಲ್ಲಿಯನ್ನೂ ನಿಲ್ಲಿಸಲಿಲ್ಲ.

“ಗೊತ್ತು. ಕೇಂದ್ರದಿಂದ ಸೇತುವೆವರೆಗೂ ಕುರ್ಚಿ ತಳ್ಕೊಂಡು ಬಂದೋಳೇ ನಾನು, ಅಲ್ಲಿಂದೀಚೆಗೆ ಅವರೊಬ್ರೇ. ಒಂದು ತಿಂಗಳಿಂದ ದಿನಾ ಸಂಜೆ ನಾವಿಬ್ರೂ ಕುರ್ಚಿ ಓಡಿಸೋದನ್ನೇ ಅಭ್ಯಾಸ ಮಾಡ್ತಿದ್ವಿ. ಸುಳ್ಳು ಹೇಳಿಸಿದ್ದೂ ಅತ್ತಿಗೇನೇ. ನಾಳೆ ಸಭೆ ಬಾಗಿಲಲ್ಲಿ ತಮ್ಮನ ಮುಂದೆ ಬಂದು ನಿಲ್ಲೋ ಆಸೆ ಅವರಿಗೆ.”

ಟೇಪಮ್ಮ ಉಸಿರು ಬಿಟ್ಟಳು. ತುಟಿಯ ಮೇಲೆ ನಗು ಬರುತ್ತಿತ್ತು. ಅಷ್ಟರಲ್ಲಿ ಒದ್ದೆ ಕೈಯೊಂದು ಅವಳ ಮಣಿಕಟ್ಟನ್ನು ಹಿಡಿಯಿತು.

“ಒಂದು ವಿಷಯ. ಪಟ್ಟಿ ಏರಿಸಿದ್ದು ನಾನೇ ಅಂತ ಅತ್ತಿಗೆ ತಿಳ್ಕೊಂಡಿದ್ದಾರೆ. ನಾನೂ ಹೂಂ ಅಂದ್ಬಿಟ್ಟಿದ್ದೀನಿ. ಕ್ಷಮಿಸಿಯೂ ಬಿಟ್ರು ಪಾಪ, ದೊಡ್ಡ ಮನಸ್ಸು.” ಅವಳ ಕಣ್ಣು ತುಂಬಿತ್ತು, ದನಿ ಮಾತ್ರ ನಡುಗಲಿಲ್ಲ. “ನಾಳೆ ಹನ್ನೊಂದು ಗಂಟೆವರೆಗೂ ಅದು ಹಾಗೇ ಇರ್ಲಿ ಟೇಪಮ್ಮೋರೇ. ನಿಜವಾಗ್ಲೂ ಏರಿಸಿದ್ದು ಯಾರು ಅಂತ ಗೊತ್ತಾದ್ರೆ, ಅತ್ತಿಗೆ ಇನ್ನು ಆ ಕುರ್ಚಿ ಚಕ್ರ ಮುಟ್ಟಲ್ಲ.”